ಹುಳದ ಮನೆಗೆ ಬಂದ ಸೂಜಿಮರ

ವಿರೂಪಾಕ್ಷಿಪುರದ ಬೋರಮ್ಮ ಯಾರನ್ನೂ ನಂಬುತ್ತಿರಲಿಲ್ಲ. ರೇಷ್ಮೆ ಹುಳ ಸಾಕುವವರಿಗೆ ಅದು ಕಸುಬು ಕಲಿಸುವ ಬುದ್ಧಿ. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಯಾರದೋ ಕಣ್ಣು ಬಿದ್ದರೆ, ಯಾರದೋ ಕಾಲಿನ ಮೈಲಿಗೆ ತಾಗಿದರೆ, ಬೆಳಗಾಗುವಷ್ಟರಲ್ಲಿ ಮೊರದ ತುಂಬ ಹುಳ ಕಪ್ಪಾಗಿ ಬಿದ್ದಿರುತ್ತದೆ. ಗಂಡ ಸತ್ತ ಮೇಲೆ ಬೋರಮ್ಮ ಒಬ್ಬಳೇ ಹುಳ ಮೇಯಿಸಿದವಳು. ಆ ಕೋಣೆಯ ಬೀಗದ ಕೈ ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಒಡಹುಟ್ಟಿದ ತಮ್ಮ ಬಂದರೂ ಜಗಲಿಯಲ್ಲೇ ಮಜ್ಜಿಗೆ ಕುಡಿದು ಹೋಗಬೇಕಿತ್ತು.

ಯೂರೋಪಿನಲ್ಲಿ ಯುದ್ಧ ಶುರುವಾದ ವರ್ಷ, ಕಾರ್ತೀಕ ಕಳೆಯುವ ಹೊತ್ತಿಗೆ, ಅವಳ ಮನೆ ಮುಂದೆ ಗಾಡಿ ನಿಂತಿತು. ಹುಳ ಸಾಕುವ ಹೊಸ ಕ್ರಮ ಕಲಿಸಲು ಚನ್ನಪಟ್ಟಣದ ಕಡೆಗೆ ಬಂದಿದ್ದ ತಕೆದಾ ಎಂಬ ಜಪಾನಿನ ಮೇಷ್ಟ್ರು ಇಳಿದರು. ಕೈಯಲ್ಲಿ ಅಗಲವಾದ ಮಣ್ಣಿನ ಕುಂಡ. ಅದರಲ್ಲಿ ಮೊಳದುದ್ದದ, ಬೆನ್ನು ಬಾಗಿದ ಮುದುಕನಂಥ ಪೈನ್ ಮರ. ಎಲೆಯ ಬದಲು ಸೂಜಿಗಳು.

ಮೇಷ್ಟ್ರು ಕಲಿತಷ್ಟು ಕನ್ನಡದಲ್ಲಿ ಹೇಳಿದರು: "ನಾನು ಊರಿಗೆ ಹೋಗುತ್ತೇನೆ. ಫಾಲ್ಗುಣಕ್ಕೆ ಬರುತ್ತೇನೆ. ಮರ ಹೊರಗೆ ಇಡಿ. ಚಳಿಯಲ್ಲಿ ಮರ ಮಲಗಬೇಕು. ಇಲ್ಲಿ ಚಳಿ ಕಡಿಮೆ, ಇರುವಷ್ಟಾದರೂ ಕೊಡಿ. ಮೇಲಿನ ಮಣ್ಣು ಒಣಗಿದ ಮೇಲೆ ನೀರು. ಗೊಬ್ಬರ ಬೇಡ, ಕತ್ತರಿ ಬೇಡ."

"ಸತ್ತೋದ್ರೆ?"

"ಹೇಳಿದ ಹಾಗೆ ಮಾಡಿದರೆ ಸಾಯುವುದಿಲ್ಲ. ಚೆನ್ನಾಗಿದ್ದರೆ ಬಿತ್ತನೆ ಹುಳ ಸಾಕುವ ಕೆಲಸ ನಿಮಗೆ."

ಸುತ್ತಲಿನ ಊರುಗಳಿಗೆಲ್ಲ ಮೊಟ್ಟೆ ಹೋಗುವುದು ಬಿತ್ತನೆ ಹುಳ ಸಾಕುವ ಮನೆಯಿಂದ. ಬೋರಮ್ಮನಿಗೆ ಆ ಹೆಸರು ಬೇಕಿತ್ತು. ಅದಕ್ಕೇ ಮೇಷ್ಟ್ರ ಮಾತು ಅವಳಿಗೆ ಸರಿಬರಲಿಲ್ಲ. ಬದುಕಿರುವ ಜೀವವನ್ನು ಇಬ್ಬನಿಯಲ್ಲಿ ಬಿಡು ಅನ್ನುವವನು ಅದರ ಹಿತ ಬಯಸುತ್ತಾನೆಯೇ? ಮಾರ್ಗಶಿರ ಬಂದರೆ ಹುಳದ ಮನೆಯ ಕಿಟಕಿಗೆ ಗೋಣಿ ಕಟ್ಟಿ, ಮೂಲೆಯಲ್ಲಿ ಕೆಂಡದ ಮಡಕೆ ಇಟ್ಟು ಹುಳಗಳ ಜೀವ ಉಳಿಸಿಕೊಂಡವಳು ಅವಳು. ಮರ ಸಾಯಲಿ, ಕೆಲಸ ಬೇರೆಯವರ ಪಾಲಾಗಲಿ ಅಂತಲೇ ಹೂಡಿದ ಆಟ ಇದು ಅನ್ನಿಸಿತು. ಗಾಡಿ ಮರೆಯಾದದ್ದೇ ಕುಂಡವನ್ನು ಹುಳದ ಮನೆಗೆ ಒಯ್ದು ಮಡಕೆಯ ಪಕ್ಕ ಇಟ್ಟಳು. ದಿನಾ ನೀರು ಚಿಮುಕಿಸಿದಳು.

ಪುಷ್ಯದ ಹೊತ್ತಿಗೆ ಸೂಜಿಗಳು ಹಳದಿಯಾಗಿ ಉದುರತೊಡಗಿದವು. ತುದಿಯಲ್ಲಿ ಒಂದು ಚಿಗುರು ಮಾತ್ರ ಬಿಳಿಚಿಕೊಂಡು ಉದ್ದಕ್ಕೆ ಬೆಳೆಯಿತು. ಬೋರಮ್ಮನ ಅನುಮಾನ ಪಕ್ಕದ ಮನೆಗೆ ನೆಗೆಯಿತು. ಅಲ್ಲಿ ಖತೀಜಾ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಗೂಡು ಬೆಂದ ನೀರು ಗಿಡಕ್ಕೆ ವಿಷ ಎಂದು ಬೋರಮ್ಮ ಕೇಳಿದ್ದಳು.

"ಏನೇ ಖತೀಜಾ, ನನ್ ಮರಕ್ಕೆ ಏನೇ ಹುಯ್ದ್ಬುಟ್ಟೆ?"

ಖತೀಜಾ ಚರಕ ನಿಲ್ಲಿಸಲಿಲ್ಲ. "ಯಾವ ಮರ ಬೋರಕ್ಕ?"

"ಒಳಗಿರೋ ಸೂಜಿಮರ. ನಾಟ್ಕ ಆಡ್ಬ್ಯಾಡ."

"ಒಳಗಾ? ನಿನ್ ಹುಳದ ಮನೇಲಾ?" ಖತೀಜಾ ಈಗ ಕೈ ಬಿಟ್ಟು ನಕ್ಕಳು. "ಯಾ ಅಲ್ಲಾ! ನನ್ ಕೋಳಿ ಒಸಿ ಕತ್ತು ಹಾಕುದ್ರೆ ಪೊರಕೆ ತಕೊಂಡ್ ಬತ್ತೀಯ. ಬೀಗದ ಕೈ ಹಾಕ್ಕೊಂಡೇ ಮಲಗ್ತೀಯ. ಅಲ್ಲಿಗೆ ಯಾರ್ ಬಂದವ್ರೆ ಹೇಳು?"

"ಯಾರೂ ಬಂದಿಲ್ಲ."

"ಹಂಗಾರೆ ಕಳ್ಳಿ ಯಾರು, ನೀನೇ ಲೆಕ್ಕ ಹಾಕು."

ಬೋರಮ್ಮ ಬಾಯಿಗೆ ಬಂದಷ್ಟು ಬೈದು ಮನೆಗೆ ಬಂದಳು. ಬೀಗ ತೆಗೆದಳು. ಬಿಸಿ, ಹೊಗೆ, ಒದ್ದೆ ಮಣ್ಣಿನ ವಾಸನೆ. ಕುಂಡದ ಮಣ್ಣಿಗೆ ಬೆರಳಿಟ್ಟಳು, ಗೆಣ್ಣಿನವರೆಗೂ ಕೆಸರು. ಆ ಬಾಗಿಲು ದಾಟಿದ್ದವರು ಅವಳೊಬ್ಬಳೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕಲು ದಾರಿ ಇರಲಿಲ್ಲ.

ಅಂದೇ ಕುಂಡ ಹೊರಗೆ ಬಂತು. ಬಿಸಿಯಿಂದ ಎತ್ತಿ ಒಮ್ಮೆಲೇ ಬಯಲಿಗೆ ಇಡಲು ಧೈರ್ಯ ಸಾಲದೆ, ಮೊದಲು ಗಾಳಿ ಹೊಡೆಯದ ಜಗಲಿಯ ಮೂಲೆ, ಆಮೇಲೆ ಎಳೆಬಿಸಿಲು ಬೀಳುವ ಪೂರ್ವದ ಗೋಡೆ. ಬೆರಳಿಗೆ ಮಣ್ಣು ಒಣಗಿದೆ ಅನ್ನಿಸುವವರೆಗೆ ನೀರಿಲ್ಲ. ಬೆಳಿಗ್ಗೆ ಸೂಜಿಗಳ ಮೇಲೆ ಇಬ್ಬನಿ ಕಂಡಾಗಲೆಲ್ಲ ಅವಳ ಕೈ ತಾನಾಗಿ ಕುಂಡದ ಕಡೆ ಹೋಗುತ್ತಿತ್ತು. ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಹಳದಿ ಅಲ್ಲಿಗೇ ನಿಂತಿತು. ಒಂದು ರೆಂಬೆ ಮಾತ್ರ ಒಣಗಿಹೋಯಿತು.

ಫಾಲ್ಗುಣದಲ್ಲಿ ಬಂದ ಮೇಷ್ಟ್ರು ಮರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಣ ರೆಂಬೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಒಳಗೆ ಇಟ್ಟಿರಿ."

ಬೋರಮ್ಮ ಪಕ್ಕದ ಮನೆ ಕಡೆ ಕಣ್ಣು ಕೆಂಪಗೆ ಮಾಡಿದಳು. "ಆ ಖತೀಜಾ ನಿಮ್ ಕಿವೀಲಿ ಊದುದ್ಲಾ?"

ಮೇಷ್ಟ್ರು ತುದಿಯ ಬಿಳಿಚಿದ ಚಿಗುರನ್ನು ತೋರಿಸಿದರು. ಮಲಗಬೇಕಾದ ಮರವನ್ನು ಬಿಸಿಯಲ್ಲಿ ಎಬ್ಬಿಸಿದರೆ ಹೀಗೆ ಬಡಕಲಾಗಿ ಬೆಳೆಯುತ್ತದೆ ಎಂದರು. ಉಳಿದ ಮೊಗ್ಗುಗಳನ್ನು ಒಂದೊಂದಾಗಿ ಮುಟ್ಟಿದರು, ಗಟ್ಟಿಯಾಗಿದ್ದವು.

"ಯಾವಾಗ ಹೊರಗೆ ತಂದಿರಿ?"

ಸುಳ್ಳು ಹೇಳಲು ಅವಳು ಬಾಯಿ ತೆರೆದಳು. ಇವನಿಗೆ ಅದೂ ಗೊತ್ತಿರಬಹುದು ಅನ್ನಿಸಿ, "ಪುಷ್ಯದಲ್ಲಿ" ಅಂದಳು.

"ಈ ವರ್ಷ ಬಿತ್ತನೆ ಕೆಲಸ ಇಲ್ಲ. ಮರ ಇಲ್ಲೇ ಇರಲಿ. ಮುಂದಿನ ಚಳಿಗಾಲ ನೋಡೋಣ."

ಕೆಲಸ ತಪ್ಪಿಸಿದವನು ಮರವನ್ನೇಕೆ ಬಿಟ್ಟುಹೋದ ಎಂದು ಅವಳು ಬಹಳ ದಿನ ಯೋಚಿಸಿದಳು. ಆದರೂ ಮುಂದಿನ ಚಳಿಗಾಲವಿಡೀ ಸೂಜಿಮರ ಇಬ್ಬನಿಯಲ್ಲೇ ನಿಂತಿತು.

ಆ ಯುಗಾದಿ ಕಳೆದ ಮೇಲೆ ಮೇಷ್ಟ್ರ ಜವಾನ ದಾಸಪ್ಪ ಬಿತ್ತನೆ ಮೊಟ್ಟೆ ಅಂಟಿದ ಹಾಳೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಬೋರಮ್ಮ ಅದನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದಾರೀಲಿ ಎಲ್ಲೂ ಕೆಳಗಿಟ್ಟಿಲ್ಲ ತಾನೆ?"