ಬರ್ಚ್ ಮರಕ್ಕೆ ಎರಡು ಸುತ್ತು

ಹಗ್ಗದ ಕುಣಿಕೆ ಮೊದಲ ಎಸೆತಕ್ಕೇ ಕಡಸಿನ ಕೊರಳಿಗೆ ಬಿತ್ತು ಎಂದು ಹಲವರಿಗೆ ಹೇಳಿದ್ದೇನೆ. ಆ ಸಂಜೆಯ ಡೈರಿಯಲ್ಲಿ ಮೂರನೆಯ ಎಸೆತ ಎಂದಿದೆ. ಡೈರಿಯನ್ನೇ ನಂಬುತ್ತೇನೆ. ಮೆಚ್ಚಿದವರ ವಿಷಯದಲ್ಲಿ ನನ್ನ ನೆನಪು ಸ್ವಲ್ಪ ಧಾರಾಳಿ.

ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ಹೊರಗೆ ಮಾಂಸದ ದನ ಸಾಕುತ್ತಿದ್ದ ಒಬ್ಬ ಹೆಂಗಸಿನ ಹುಲ್ಲುಗಾವಲಿನಲ್ಲಿ ನಾನು ಪಿಎಚ್.ಡಿ.ಗಾಗಿ ಮಣ್ಣಿನ ಮಾದರಿ ತೆಗೆಯುತ್ತಿದ್ದೆ. ಅವರಿಗೆ ಅರವತ್ತು ದಾಟಿತ್ತು. ಬೇಸಿಗೆಯುದ್ದಕ್ಕೂ ದನಗಳು ಬಯಲಲ್ಲೇ ಇರುತ್ತಿದ್ದವು, ಮನುಷ್ಯರ ಕೈ ಸೋಕಿದ್ದು ಕಡಿಮೆ. ಆ ಶನಿವಾರ ಗಂಡ ನನ್ನನ್ನು ಕಾರಿನಲ್ಲಿ ಕರೆತಂದಿದ್ದ. ಅವನೀಗ ಇಂಜಿನಿಯರ್, ಆದರೆ ಹಾವೇರಿ ಕಡೆ ಎತ್ತುಗಳ ನಡುವೆ ಬೆಳೆದವನು.

ಬೇಲಿಯ ಹತ್ತಿರ ಒಂದು ಚೊಚ್ಚಲ ಕಡಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವಿನ ಎರಡು ಗೊರಸು ಹೊರಗೆ ಕಂಡು ಗಂಟೆ ಮೀರಿತ್ತು. ಪಶುವೈದ್ಯರು ದೂರದಲ್ಲಿದ್ದರು. ಅವರು ಬರುವವರೆಗೆ ಕರು ಉಳಿಯುವುದಿಲ್ಲ ಎಂದರು ಆ ಹೆಂಗಸು. ಹತ್ತಿರ ಹೋದರೆ ಕಡಸು ಓಡುತ್ತಿತ್ತು.

ಆ ಹೆಂಗಸು ಹಗ್ಗ ಹಿಡಿದು ಅದರ ಪಕ್ಕದಲ್ಲೇ, ಅದನ್ನು ನೋಡದವರಂತೆ ನಡೆದರು. ಎರಡು ಸಲ ಕುಣಿಕೆ ತಪ್ಪಿತು. ಬಯ್ಗುಳವಿಲ್ಲ, ಅವಸರವಿಲ್ಲ. ಹಗ್ಗ ಸುರುಳಿ ಸುತ್ತಿಕೊಂಡು ಮತ್ತೆ ನಡೆದರು. ಕುಣಿಕೆ ಬಿದ್ದೊಡನೆ ಇನ್ನೊಂದು ತುದಿಯನ್ನು ಬರ್ಚ್ ಮರಕ್ಕೆ ಎರಡು ಸುತ್ತು ಹಾಕಿ ನನ್ನ ಗಂಡನ ಕೈಗೆ ಕೊಟ್ಟರು.

"ಎಳೀಬೇಡ," ಎಂದರು ಇಂಗ್ಲಿಷಿನಲ್ಲಿ. "ಅದು ಮುಂದೆ ಬಂದಾಗ ಸಡಿಲಾದಷ್ಟನ್ನ ಮಾತ್ರ ತಗೋ."

ಅವನು ಎಳೆದ. ಊರಿನ ಎತ್ತಿಗಾದರೆ ಮೂಗುದಾರ ಇರುತ್ತದೆ, ಒಂದು ಜಗ್ಗಿಗೆ ನಿಲ್ಲುತ್ತದೆ. ಈ ಕಡಸಿಗೆ ಬಿಗಿದದ್ದು ಕೊರಳು. ಅದು ಹಿಂದಕ್ಕೆ ಜಗ್ಗಿ ಮಂಡಿಯೂರಿತು. ನಾಲಿಗೆ ಹೊರಬಂತು.

"ಸಡಿಲ ಬಿಡೋ, ಉಸಿರು ಕಟ್ತಿದೆ ಅದಕ್ಕೆ."

"ಬಿಟ್ರೆ ಓಡ್‌ಹೋಗತ್ತೆ ಕಣೇ. ದನ ಹಿಡಿಯೋದು ನಂಗ್ ಗೊತ್ತಿಲ್ವಾ?"

"ನಿಮ್ಮಪ್ಪನ ಎತ್ತಲ್ಲ ಇದು. ಅವರು ಹೇಳಿದ್ ಕೇಳು."

ಅವರು ಕೂಗಲಿಲ್ಲ. ಅವನ ಮುಷ್ಟಿಯ ಮೇಲೆ ಕೈಯಿಟ್ಟು ಬೆರಳುಗಳನ್ನು ಬಿಡಿಸಿದರು. ಹಗ್ಗ ಮರವನ್ನು ಉಜ್ಜಿಕೊಂಡು ಸರಿಯಿತು. ಕಡಸು ಎದ್ದು ಕೆಮ್ಮಿತು, ಒಂದು ಹೆಜ್ಜೆ ಮುಂದೆ ಬಂತು. ಅವರು ಗದ್ದದಿಂದ ಸನ್ನೆ ಮಾಡಿದರು. ಅವನು ಸಡಿಲಾದಷ್ಟನ್ನು ತೆಗೆದುಕೊಂಡ. ಅದು ಮತ್ತೆ ಜಗ್ಗಿದಾಗ ತಡೆದದ್ದು ಮರ, ಅವನಲ್ಲ.

"ಈಗ ಗೊತ್ತಾಯ್ತಾ?"

"ಸುಮ್ನಿರು, ಕಾನ್ಸಂಟ್ರೇಟ್ ಮಾಡ್ತಿದೀನಿ."

ಹೀಗೆ ಹೆಜ್ಜೆ ಹೆಜ್ಜೆಗೆ ಕಡಸು ತಾನಾಗಿಯೇ ಮರದ ಬುಡಕ್ಕೆ ಬಂತು. ಅವರು ಮೂತಿಯ ಮೇಲೊಂದು ಸುತ್ತು ತಂದು ಕೊರಳಿನ ಭಾರ ತಪ್ಪಿಸಿ ಕಟ್ಟಿದರು. ಆಮೇಲೆ ಕರುವಿನ ಕಾಲುಗಳಿಗೆ ತೆಳ್ಳನೆಯ ಹಗ್ಗ ಹಾಕಿ ಒಂದನ್ನು ನನಗೆ ಕೊಟ್ಟರು. ಕಡಸು ತಿಣುಕಿದಾಗ ಎಳೆಯಬೇಕು, ಅದು ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು. ನನಗೆ ನಿಲ್ಲಿಸುವುದೇ ಕಷ್ಟವಾಯಿತು. ಅವರ ಕೈಯನ್ನೇ ನೋಡುತ್ತ ನಿಲ್ಲಿಸಿದೆ.

ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಮಿಸುಕಲಿಲ್ಲ. ಅವರು ಮೂಗಿನ ಲೋಳೆ ಒರೆಸಿ, ಹೊಳ್ಳೆಯೊಳಗೆ ಹುಲ್ಲಿನ ಕಡ್ಡಿ ಆಡಿಸಿ, ಪಕ್ಕೆಗಳನ್ನು ಗಸಗಸ ತಿಕ್ಕಿದರು. ಎಷ್ಟು ಹೊತ್ತೋ ತಿಳಿಯದು. ಕರು ಸೀನಿತು.

ಆಮೇಲೆ ಅವರು ಕರುವನ್ನು ನೋಡುತ್ತ ನಿಲ್ಲಲಿಲ್ಲ. ನೇರ ಮರದ ಬಳಿ ಹೋಗಿ ಒಂದು ತುದಿ ಜಗ್ಗಿದರು. ಗಂಟು ಬಿಚ್ಚಿಕೊಂಡಿತು. ಕುಣಿಕೆಯನ್ನೂ ತೆಗೆದರು. ಕಡಸು ಓಡಿಬಿಡುತ್ತದೆ ಎಂದುಕೊಂಡೆ. ಅದು ತಿರುಗಿ, ಕರುವನ್ನು ಮೂಸಿ, ನೆಕ್ಕತೊಡಗಿತು. ಅವರು ನಮ್ಮಿಬ್ಬರ ತೋಳು ಹಿಡಿದು ಮೆಲ್ಲಗೆ ಹಿಂದಕ್ಕೆ ಕರೆದೊಯ್ದರು.