ಗಾಲಿಕುರ್ಚಿಗೆ ದಾರಿ ಹುಡುಕುವ ಆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯಲ್ಲಿ, ಬಚ್ಚಲ ಬಾಗಿಲ ಮುಂದೆ, ಆಸ್ಪತ್ರೆಯ ಆಯಮ್ಮ ತಲೆಯ ಮೇಲೆ ಕೈಹೊತ್ತು ನಿಂತಿದ್ದಾರೆ. ಬಾಗಿಲು ಎನ್ನುವುದೂ ಕಷ್ಟ. ಚೌಕಟ್ಟು ಕಿತ್ತು ಗೋಡೆಗೆ ಒರಗಿಸಿದೆ, ಎರಡೂ ಬದಿಯ ಇಟ್ಟಿಗೆ ಹಲ್ಲು ಕಿರಿದಿದೆ, ನೆಲದ ತುಂಬ ಗಾರೆಪುಡಿ.

"ಯಾರಪ್ಪಾ ಇದನ್ನ ಒಡೆದಿದ್ದು?"

"ನಾನೇ ಅಕ್ಕ," ಎನ್ನುತ್ತಾನೆ ಮನೆಯಾಕೆಯ ತಮ್ಮ. ಕಸುಬಿನಲ್ಲಿ ಗಾರೆ ಕೆಲಸದವನು. "ಭಾವ ಇವತ್ತು ಮನೆಗೆ ಬರ್ತಾರಲ್ಲ. ಗಾಲಿಕುರ್ಚಿ ಬಂದ್ರೆ ಒಳಗೆ ಹೋಗ್ಲಿ ಅಂತ ನಿನ್ನೆ ಸಂಜೆ ಒಡೆದೆ."

"ನಿನ್ನ ಪ್ರೀತಿಗಿಷ್ಟು! ನೆರವು ಕೊಡೋ ಟ್ರಸ್ಟಿನವರು ಮನೆ ನೋಡೋಕೆ ಈಗ ಬರ್ತಿದಾರೆ. ಅವರು ಹೂಂ ಅನ್ನೋ ಮುಂಚೆ ಮುಟ್ಟಿದ ಕೆಲಸಕ್ಕೆ ದುಡ್ಡು ಕೊಡಲ್ಲ ಅಂತ ನಿಮ್ಮಕ್ಕಂಗೆ ಬಡ್ಕೊಂಡಿದ್ನಲ್ಲ!"

ಮನೆಯಾಕೆ ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಡುತ್ತಾಳೆ. ಆಸ್ಪತ್ರೆಗೂ ಮನೆಗೂ ಓಡಾಡುವ ಗಡಿಬಿಡಿಯಲ್ಲಿ ಆ ಮಾತು ತಮ್ಮನ ಕಿವಿಗೆ ಬಿದ್ದೇ ಇಲ್ಲ. ಅವಳ ಗಂಡ ಪೇಂಟರ್. ಕಟ್ಟಡವೊಂದಕ್ಕೆ ಬಣ್ಣ ಹೊಡೆಯುವಾಗ ಸಾರುವೆಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಇಂದು ಮಧ್ಯಾಹ್ನ ಡಿಸ್ಚಾರ್ಜ್.

ಆಯಮ್ಮನ ನಿಜವಾದ ಕೆಲಸ ಬೆನ್ನುಮೂಳೆ ವಾರ್ಡಿನಲ್ಲಿ ಹಾಸಿಗೆ ಬದಲಿಸುವುದು, ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳುವುದು. ಮನೆಗೆ ಹೊರಟವರನ್ನು ಗೇಟಿನವರೆಗೆ ಬಿಟ್ಟು, ವಾಹನಕ್ಕೆ ಹತ್ತಿಸಿ, ಖಾಲಿ ಕುರ್ಚಿ ತಳ್ಳಿಕೊಂಡು ವಾಪಸ್ ಬರುವುದು ಅವರಿಗೆ ಸಂಕಟ. "ಅಲ್ಲಿಂದಾಚೆ ಅವರು ಏನ್ಮಾಡ್ತಾರೆ ಅಂತ ಯೋಚ್ನೆ ಹತ್ಕೊಳ್ತು. ಒಂದಿನ ಒಬ್ಬಮ್ಮನ್ನ ಕೇಳೇಬಿಟ್ಟೆ. ಮಂಚದ ಮೇಲೆ ಬಿದ್ಕೊಂಡಿರ್ತೀನಿ, ಇನ್ನೇನು ಅಂದ್ರು. ಅವತ್ತು ಊಟ ಸೇರ್ಲಿಲ್ಲ."

ಅಂದಿನಿಂದ ಡ್ಯೂಟಿ ಮುಗಿದ ಮೇಲೆ ಅವರ ಇನ್ನೊಂದು ಕೆಲಸ ಶುರು. ಸರ್ಕಾರಿ ಇಲಾಖೆ, ಟ್ರಸ್ಟು, ಕಾರ್ಮಿಕರ ನಿಧಿ, ವರ್ತಕರ ಸಂಘ, ಎಲ್ಲಿ ನೆರವು ಸಿಕ್ಕೀತು ಎನಿಸಿದರೂ ಅಲ್ಲಿ ಹಾಜರು. ಹತ್ತು ಕಡೆ ಕೇಳಿದರೆ ಎರಡು ಕಡೆ ಉತ್ತರ. "ಒಬ್ಬರು ಕುರ್ಚಿ ಕೊಡ್ತಾರೆ, ಮೆಟ್ಟಿಲು ನಮಗೆ ಸಂಬಂಧ ಇಲ್ಲ ಅಂತಾರೆ. ಇನ್ನೊಬ್ಬರು ಇಳಿಜಾರು ಮಾಡಿಸ್ತಾರೆ, ಮೊದ್ಲು ಕುರ್ಚಿ ತೋರ್ಸಿ ಅಂತಾರೆ. ಇಬ್ಬರಿಗೂ ನಾನೇ ಸಂಬಂಧ ಕುದುರಿಸ್ಬೇಕು," ಎಂದು ನಗುತ್ತಾರೆ. ಮನೆ ಸೇರುವುದು ಎಷ್ಟು ತಡವೆಂದರೆ, ಬಾಗಿಲು ತೆಗೆಯುವ ಗಂಡ "ಯಾರು ಬೇಕಿತ್ತು?" ಎಂದು ಕೇಳುತ್ತಾರಂತೆ.

ಈಗ ಮಾತ್ರ ನಗುವಿಲ್ಲ. ಪೇಂಟರಿಗೆ ನೆರವಾಗಲು ಒಪ್ಪಿರುವುದು ಈ ಟ್ರಸ್ಟೊಂದೇ. ಬೇರೆಲ್ಲ ಕಡೆ ಇಲ್ಲ ಎನಿಸಿಕೊಂಡಾಗಿದೆ.

"ಚೌಕಟ್ಟು ವಾಪಸ್ ಕೂರ್ಸಿ ಮೇಲೆ ಬಣ್ಣ ಎಳೆದ್ಬಿಡ್ಲಾ?" ತಮ್ಮ ಪಿಸುಗುಟ್ಟುತ್ತಾನೆ. "ಅವರಿಗೇನು ಗೊತ್ತಾಗುತ್ತೆ?"

ಒಂದು ಗಳಿಗೆ ಆಯಮ್ಮನ ಮನಸ್ಸೂ ಓಲಾಡುತ್ತದೆ. ಚೌಕಟ್ಟನ್ನು ನೋಡುತ್ತಾರೆ, ಹೊಸ್ತಿಲಲ್ಲಿ ಕೂತವಳನ್ನು ನೋಡುತ್ತಾರೆ. ಆಮೇಲೆ ತಲೆಯಾಡಿಸುತ್ತಾರೆ. "ಬೇಡಪ್ಪ. ಸಿಕ್ಕಿಬಿದ್ರೆ ವಾರ್ಡಲ್ಲಿ ಪಕ್ಕದ ಬೆಡ್ಡಿನವರಿಗೂ ಟ್ರಸ್ಟಿನ ಬಾಗಿಲು ಮುಚ್ಚಿದಂಗೇ."

ಟ್ರಸ್ಟಿನ ಅಧಿಕಾರಿಣಿ ಅಳತೆ ಟೇಪು ಹಿಡಿದು ಬರುತ್ತಾರೆ. ಕೊಟ್ಟ ಕುರ್ಚಿಯಲ್ಲಿ ಕೂರುವುದಿಲ್ಲ. ಅವರು ಕೇಳುವ ಮೊದಲೇ ಆಯಮ್ಮ ಹೇಳಿಬಿಡುತ್ತಾರೆ: "ಮೇಡಂ, ಒಂದು ಎಡವಟ್ಟಾಗಿದೆ." ಒಡೆದ ಗೋಡೆ ನೋಡಿ ಅವರ ಹುಬ್ಬು ಗಂಟಿಕ್ಕುತ್ತದೆ. ಫೋನ್ ಹಿಡಿದು ಹೊರಗೆ ಹೋಗುತ್ತಾರೆ. ಓಣಿಯಲ್ಲಿ ಅತ್ತಿಂದಿತ್ತ ನಡೆಯುತ್ತಾರೆ, ಮಾತು ಮುಗಿಯುವುದೇ ಇಲ್ಲ. ಒಳಗೆ ತಮ್ಮ ಕುಕ್ಕರುಗಾಲಲ್ಲಿ ಕೂತು ಗಾರೆಪುಡಿಯನ್ನು ಸುಮ್ಮನೆ ಗುಡ್ಡೆ ಮಾಡುತ್ತಿದ್ದಾನೆ.

ಅಧಿಕಾರಿಣಿ ಒಳಬಂದು ಹೇಳುತ್ತಾರೆ: "ಬಾಗಿಲಿಗೆ ಕೊಡಕ್ಕಾಗಲ್ಲ. ಕುರ್ಚಿ, ಹೊರಗಿನ ಇಳಿಜಾರು, ಬಚ್ಚಲಲ್ಲಿ ಹಿಡ್ಕೊಳ್ಳೋ ಕಂಬಿ ಇನ್ನೂ ಮುಟ್ಟಿಲ್ಲವಲ್ಲ, ಅವಕ್ಕೆ ಆಗುತ್ತೆ."

"ಬಾಗಿಲು ನನ್ನ ಪಾಲಿಗಿರ್ಲಿ," ಎಂದು ತಮ್ಮ ಎದ್ದು ನಿಲ್ಲುತ್ತಾನೆ.

"ಅವರ ಒಪ್ಪಿಗೆ ಕಾಗದ ಕೈಗೆ ಬರೋವರೆಗೂ ಸುತ್ತಿಗೆ ಮುಟ್ಟಿದ್ರೆ ನೋಡು!" ಆಯಮ್ಮ ಗದರುತ್ತಾರೆ.

ಆ ಮಧ್ಯಾಹ್ನ ಪೇಂಟರ್ ಮನೆ ಸೇರಿದ್ದು ನಾಲ್ಕು ಜನರ ತೋಳ ಮೇಲೆ. ಕಾಗದ ಬರಲು ವಾರಗಳು ಹಿಡಿದವು. ಈ ಅಲೆದಾಟಕ್ಕೆಲ್ಲ ಆಯಮ್ಮನ ಆಸೆ ಒಂದೇ: "ಎಕ್ಸ್‌ರೇ ತೆಗೆಯೋ ದಿನಾನೇ ಯಾರಾದ್ರೂ ಇವರ ಮನೆ ಹೇಗಿದೆ ಅಂತ ಕೇಳ್ಬೇಕು. ಹೊರಡೋ ದಿನ ಅಲ್ಲ."

ಕುರ್ಚಿ ಬಂದ ಬೆಳಿಗ್ಗೆ ಅವರೂ ಅಲ್ಲಿದ್ದಾರೆ. ಪೇಂಟರ್ ಯಾರ ಕೈಗೂ ಕಾಯದೆ ಗಾಲಿ ಉರುಳಿಸಿಕೊಂಡು ಹೊಸ ಬಾಗಿಲು ದಾಟಿ ಬಚ್ಚಲೊಳಗೆ ಹೋಗುತ್ತಾರೆ. ಚಿಲಕದ ಸದ್ದು, ಹಿಂದೆಯೇ ನೀರು ಬೀಳುವ ಸದ್ದು. ಆಮೇಲೆ ಸದ್ದೇ ಇಲ್ಲ. ಹೆಂಡತಿ ಬಾಗಿಲು ತಟ್ಟಲು ಕೈ ಎತ್ತುತ್ತಾಳೆ. ಆಯಮ್ಮ ಆ ಕೈ ಹಿಡಿದುಕೊಳ್ಳುತ್ತಾರೆ.

"ಯಾರೂ ಬರಬೇಡಿ," ಒಳಗಿಂದ ದನಿ. "ಇನ್ನೂ ಸೋಪು ಹಚ್ಕೊಳ್ತಿದೀನಿ."

ಆಯಮ್ಮ ಉಸಿರು ಬಿಡುತ್ತಾರೆ. "ಆಸ್ಪತ್ರೇಲಿ ಇಷ್ಟು ದಿನ ಎಲ್ಲರೆದುರು ಮೈ ಒರೆಸಿಸ್ಕೊಂಡೋರು. ಒಳಗಿಂದ ಚಿಲಕ ಹಾಕ್ಕೊಂಡ್ರು, ಕೇಳಿಸ್ತಾ? ನಂಗೆ ಅಷ್ಟು ಸಾಕು."