ಸಿದ್ದಗಂಗಯ್ಯ ಕೊಂಡ ಗವಿ

ನಮ್ಮ ಚಿಕ್ಕಪ್ಪ ಸಿದ್ದಗಂಗಯ್ಯ ೧೯೫೫ರಲ್ಲಿ ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ವಾಸಕ್ಕೆಂದು ಗವಿ ಕೊಂಡುಕೊಂಡ. ಗುಬ್ಬಿಯ ನಮ್ಮ ಮನೆಗೆ ಬಂದು ಆ ಸುದ್ದಿಯನ್ನು ಅವನೇ ಹೇಳಿದ. ಊಟಕ್ಕೆ ಕೂತಿದ್ದ ನಮ್ಮಪ್ಪ ಅಂಜನಮೂರ್ತಿ ಮುರಿದ ಮುದ್ದೆಯನ್ನು ತಟ್ಟೆಗೆ ಬಿಟ್ಟ.

"ಏನ್ಲಾ ಅಂದೆ?"

"ಗವಿ ಕಣಣ್ಣ. ಮುಂದ್ಗಡೆ ಒಂದೆಕರೆ ನೆಲಾನೂ ಐತೆ. ರಿಜಿಸ್ಟ್ರಿ ಆಯ್ತು."

"ಕರಡಿ ಬುಟ್ಟೋದದ್ದ ನೀನು ಕಾಸು ಕೊಟ್ಟು ತಗಂಡ್ಯಾ? ಥೂ! ಎದ್ದೋಗ್ಲಾ ಕಣ್ಮುಂದಿಂದ."

ಚಿಕ್ಕಪ್ಪ ಎದ್ದು ಹೋದ. ಹೋಗುವಾಗ ಹೆಂಡತಿ ಹನುಮಮ್ಮನನ್ನು ಕರೆದ. ಅವಳು ಒಲೆ ಬಿಟ್ಟು ಅಲುಗಲಿಲ್ಲ. "ನಾನೇನು ನರಿನಾ, ಬಿಲದಾಗೆ ಸಂಸಾರ ಮಾಡೋಕೆ?" ಎಂದಳು.

ಅವನಿಗೆ ಈ ಹುಚ್ಚು ಹತ್ತಿದ್ದು ಇಟಲಿಯಲ್ಲಿ. ಯುದ್ಧದ ಕಾಲಕ್ಕೆ ಮನೆಯಲ್ಲಿ ಹೇಳದೆ ಮಿಲಿಟರಿ ಸೇರಿ ಲಾರಿ ಡ್ರೈವರ್ ಆಗಿದ್ದ. ಮರಳುಗಾಡಿನಲ್ಲಿ ಶತ್ರುಗಳ ಕೈಗೆ ಸಿಕ್ಕಿ, ಇಟಲಿಯ ಕ್ಯಾಂಪಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಕೈದಿಯಾಗಿದ್ದ. ಇಟಲಿ ಸೋತು ಶರಣಾಗಿ ಕಾವಲಿನವರು ಓಡಿಹೋದ ದಿನ ತಪ್ಪಿಸಿಕೊಂಡು ಬೆಟ್ಟ ಹತ್ತಿದವನನ್ನು ಒಬ್ಬ ಮುದುಕ, ಅವನ ಹೆಂಡತಿ ಒಳಗೆ ಕರೆದುಕೊಂಡರು. ಅವರ ಮನೆಯೇ ಗವಿ. ಬೆಟ್ಟದ ಮೈಯನ್ನು ಕೊರೆದು, ಮುಂದೆ ಗೋಡೆ ಕಟ್ಟಿ, ಬಾಗಿಲು ಇಟ್ಟಿದ್ದರು. ಬಾಗಿಲ ಹತ್ತಿರ ಒಲೆ, ನಡುವೆ ಕತ್ತೆ, ಹಿಂದೆ ಹಾಸಿಗೆ. ಕತ್ತೆಯ ಹುಲ್ಲಿನ ಹಿಂದೆ ಎಂಟು ತಿಂಗಳು ಅವನನ್ನು ಬಚ್ಚಿಟ್ಟರು. ಜರ್ಮನ್ ಸಿಪಾಯಿಗಳು ಎರಡು ಸಲ ಬಂದು ಹುಡುಕಿದರೂ ಮುದುಕಿ ಬಾಯಿ ಬಿಡಲಿಲ್ಲ.

ಅಷ್ಟೆಲ್ಲ ಕಂಡು ೧೯೪೬ರಲ್ಲಿ ಊರಿಗೆ ಬಂದವನಿಗೆ ನಮ್ಮ ಮನೆ ಕೊಟ್ಟದ್ದು ಕಡಲೆಕಾಯಿ ಮೂಟೆಯ ಕೋಣೆ. ಇಟಲಿಯಲ್ಲಿ ಏನೇನು ತಿಂದಿದ್ದಾನೋ ಎಂದು ಅಪ್ಪ ಅವನ ತಟ್ಟೆಯನ್ನು ಜಗಲಿಯಲ್ಲಿ ಬೇರೆ ಇಡಿಸಿದ್ದ. ಮದುವೆಯಾದ ಮೇಲೂ ತಟ್ಟೆ ಒಳಗೆ ಬರಲಿಲ್ಲ. ಅವನು ತುಮಕೂರು–ಕುಣಿಗಲ್ ರಸ್ತೆಯಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದ. ಆ ದಾರಿಯಲ್ಲೇ ಗುಡ್ಡದ ಮೇಲಿನ ಗವಿ ಅವನ ಕಣ್ಣಿಗೆ ಬಿದ್ದದ್ದು. ಅದು ದೊಡ್ಡಗಂಗಮ್ಮ ಎಂಬ ಮುದುಕಿಯದು, ಮುಂದಿನ ಹೊಲದ ಜೊತೆಗೆ ಬಂದದ್ದು. ಕುಣಿಗಲ್‌ನಲ್ಲಿ ಪತ್ರ ಬರೆಯುವವನು ನಕ್ಕು, "ಬಂಡೆ ಅಂತ ಬರೀಲೋ, ಮನೆ ಅಂತ ಬರೀಲೋ? ಬಾಗ್ಲೇ ಇಲ್ವಲ್ಲಪ್ಪ" ಎಂದನಂತೆ. "ಬಾಗ್ಲು ನಾನಿಕ್ಕಂತೀನಿ. ಮನೆ ಅಂತ ಬರೀರಿ" ಎಂದ ಚಿಕ್ಕಪ್ಪ.

ಇಟ್ಟ ಬಾಗಿಲು ಹಳ್ಳಿಯವರ ಕಣ್ಣು ಕುಕ್ಕಿತು. ಮಳೆ ಬಂದಾಗ ಅವರು ಕುರಿ ಕೂಡುತ್ತಿದ್ದ ಜಾಗ ಅದು. ಹಳ್ಳಿಯ ಯಜಮಾನ ಗಂಗಬೈಲಯ್ಯ ಗವಿಯನ್ನು ತನ್ನದೆಂದೇ ತಿಳಿದಿದ್ದ. ಇವನು ಗುಬ್ಬಿಯವನು, ಹೊರಗಿನವನು. ಮೊದಲು ಕಾಲುದಾರಿಗೆ ಜಾಲಿಮುಳ್ಳು ಬಿತ್ತು. ಆಮೇಲೆ ಬಾವಿ ಮುಟ್ಟಬೇಡ ಎಂದರು. ಚಿಕ್ಕಪ್ಪ ಮುಳ್ಳನ್ನು ಕೊಡಲಿಯಿಂದ ಕಡಿದು ಒಲೆಗೆ ಹಾಕಿದ. ನೀರಿಗೆ ಬೇರೆ ದಾರಿ ಕಂಡುಕೊಂಡ. ಮಳೆನೀರು ಒಳಗಿಳಿಯದಂತೆ ಗವಿಯ ನೆತ್ತಿಯ ಮೇಲೆ ಚಾಣದಿಂದ ಕಾಲುವೆ ಹೊಡೆದು, ಆ ನೀರನ್ನು ಪಕ್ಕದ ಬಂಡೆಯ ಹಳ್ಳಕ್ಕೆ ತಿರುಗಿಸಿದ. ಹಳ್ಳದ ಸುತ್ತ ಗಾರೆಗೋಡೆ ಕಟ್ಟಿದ. ರಜೆಯ ದಿನಗಳಲ್ಲೇ ಮಾಡಿದ ಈ ಕೆಲಸಕ್ಕೆ ಎರಡು ವರ್ಷ ಹಿಡಿಯಿತು. ಬಸ್ಸಿನ ಸ್ಟೀರಿಂಗ್ ಹಿಡಿಯುವ ಕೈಯಲ್ಲಿ ಬೊಬ್ಬೆ ಆರುತ್ತಲೇ ಇರಲಿಲ್ಲ.

ಆ ಎರಡು ವರ್ಷ ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದಳು. ಒಂದು ಬೆಳಗ್ಗೆ ನಮ್ಮಮ್ಮ ಬಸವಲಿಂಗಮ್ಮ ಯಾವುದೋ ಸಿಟ್ಟಿಗೆ, "ಗವೀಲಿರೋನ ಹೆಂಡ್ತಿಗೆ ಹೆಂಚಿನ ಮನೆ ಯಾತಕ್ಕೆ?" ಎಂದುಬಿಟ್ಟಳು. ಚಿಕ್ಕಮ್ಮ ರುಬ್ಬುತ್ತಿದ್ದ ಗುಂಡನ್ನು ಒರಳಲ್ಲೇ ಬಿಟ್ಟು, ಟ್ರಂಕು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಗಂಡನ ಮೇಲಿನ ಪ್ರೀತಿಗೆ ಹೋದವಳಲ್ಲ. ಅಮ್ಮನ ಆ ಮಾತು ಕೇಳಿಸಿಕೊಂಡು ಇನ್ನೊಂದು ಹೊತ್ತು ನಮ್ಮ ಮನೆಯಲ್ಲಿ ಉಣ್ಣುವುದು ಅವಳಿಂದ ಆಗಲಿಲ್ಲ.

ಗವಿಗೆ ಹೋದ ಮೇಲೂ ಗಂಡನ ವಿಷಯದಲ್ಲಿ ಅವಳು ಮೆತ್ತಗಾಗಲಿಲ್ಲ. "ಮಾತು ತಿಳೀದ ಜನ ನನ್ನ ಒಳಕ್ಕೆ ಕರ್ಕಂಡ್ರು ಕಣೇ. ಅವರ ಮನೆ ಹಿಂಗೇ ಇತ್ತು" ಎಂದು ಅವನು ಒಮ್ಮೆ ಹೇಳಿದ್ದಕ್ಕೆ, "ಹಂಗಾರೆ ಅಲ್ಲೇ ಇರಬೇಕಿತ್ತು. ನನ್ನ ಯಾಕೆ ಕಟ್ಕಂಡೆ?" ಎಂದಳಂತೆ.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಚಿಕ್ಕಪ್ಪ ಡ್ಯೂಟಿಯ ಮೇಲಿದ್ದ. ಚಿಕ್ಕಮ್ಮ ಒಳಗೆ ಮಲಗಿದ್ದಳು. ಗಂಗಬೈಲಯ್ಯನ ಕಡೆಯವರು ಬಾಗಿಲ ಮುಂದೆ ಒಣಹುಲ್ಲು ಒಟ್ಟಿ, ಮೇಲೆ ಒಣಮೆಣಸಿನಕಾಯಿ ಸುರಿದು ಬೆಂಕಿ ಇಟ್ಟರು. ಹೊಗೆಯೆಲ್ಲ ಒಳಕ್ಕೇ ನುಗ್ಗಿತು. ಚಿಕ್ಕಮ್ಮ ಒದ್ದೆ ಕಂಬಳಿ ಹೊದ್ದು ಬೆಂಕಿ ಹಾರಿ ಹೊರಬಂದಳು. ಅಂಗಾಲು ಸುಟ್ಟಿತ್ತು. ಕಣ್ಣು ಬಿಡಲಾಗದೆ, ಬೇಲಿ ತಡವಿಕೊಂಡು ನೇರ ಗಂಗಬೈಲಯ್ಯನ ಮನೆಗೆ ಹೋಗಿ ಅವನ ಜಗಲಿಯ ಮೇಲೆ ಕೂತು ಕೆಮ್ಮಿದಳು. ಊರ ಹೆಂಗಸರೆಲ್ಲ ಸೇರಿದರು.

"ಎದ್ದೋಗಮ್ಮ" ಎಂದ ಗಂಗಬೈಲಯ್ಯ.

"ಯಾಕೋ ಹೋಗ್ಲಿ? ಸಾಯೋಳು ನಿನ್ನ ಜಗಲಿ ಮ್ಯಾಲೇ ಸಾಯ್ತೀನಿ. ಹೆಣ ನೀನೇ ಹೊರು."

ಅವನ ಹೆಂಡತಿ ಹೊಂಬಾಳಮ್ಮ ನೀರು ತಂದಳು. ಚಿಕ್ಕಮ್ಮ ಚೊಂಬನ್ನು ಬೀದಿಗೆ ಎಸೆದಳು. ಸಂಜೆ ಚಿಕ್ಕಪ್ಪ ಬರುವವರೆಗೂ ಅಲ್ಲೇ ಕೂತಿದ್ದಳು. ಮಾರನೇ ದಿನ ಅವನು ಅವಳನ್ನು ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಕುಣಿಗಲ್ ಠಾಣೆಗೆ ಹೋಗಿ ದೂರು ಕೊಟ್ಟ. ಗವಿ ತನ್ನದೇ ಎಂದು ಗಂಗಬೈಲಯ್ಯ ತಕರಾರು ಎತ್ತಿದ. ಆರು ತಿಂಗಳಾದ ಮೇಲೆ ಸರ್ವೆಯವರು ಸರಪಳಿ ಹಿಡಿದು ಅಳೆಯಲು ಬಂದರು. ಗವಿ ಚಿಕ್ಕಪ್ಪನ ಸರ್ವೆ ನಂಬರಿನೊಳಗೇ ಇತ್ತು. ಅಂದಿನಿಂದ ದಾರಿಗೆ ಮುಳ್ಳು ಬೀಳಲಿಲ್ಲ. ಕಿವಿಗೆ ಊರಿನವರ ಮಾತೂ ಬೀಳಲಿಲ್ಲ.

ಒಂದು ಬೇಸಿಗೆಯಲ್ಲಿ ಊರ ಬಾವಿ ತಳ ಕಂಡಿತು. ಹೊಂಬಾಳಮ್ಮ ಬಿಂದಿಗೆ ಹಿಡಿದು ಗುಡ್ಡ ಹತ್ತಿ ಬಂದಳು. ರಜೆಗೆಂದು ಹೋಗಿದ್ದ ನಾನು ಆಗ ಅಲ್ಲೇ ಇದ್ದೆ. ಕೊಡು ಎಂದ ಚಿಕ್ಕಪ್ಪ. ಚಿಕ್ಕಮ್ಮ ಅವನ ಕಡೆ ತಿರುಗಿಯೂ ನೋಡದೆ, "ಕುರಿ ಹೊಡ್ಕಂಡು ಬರ್ಲಿ, ಕುಡಿಸ್ಕಂಡು ಹೋಗ್ಲಿ. ಅವು ನನಗೇನೂ ಮಾಡಿಲ್ಲ. ಬಿಂದಿಗೆ ಮಾತ್ರ ತರೋದು ಬ್ಯಾಡ" ಎಂದಳು. ಹೊಂಬಾಳಮ್ಮ ಖಾಲಿ ಬಿಂದಿಗೆ ಹಿಡಿದು ಇಳಿದು ಹೋದಳು. ಚಿಕ್ಕಮ್ಮನ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಅವಳ ಅಂಗಾಲಿನ ಕಲೆಯನ್ನು ನಾನು ನೋಡಿದ್ದೆ.

೧೯೬೭ರಲ್ಲಿ ಚಿಕ್ಕಪ್ಪ ಎದೆನೋವಿನಿಂದ ತೀರಿಕೊಂಡ. ಹಳ್ಳಿಯಿಂದ ಒಬ್ಬನೂ ಹೆಗಲು ಕೊಡಲಿಲ್ಲ. ಬಸ್ಸಿನ ಡ್ರೈವರು, ಕಂಡಕ್ಟರುಗಳು ಖಾಕಿಯಲ್ಲೇ ಬಂದು ಹೊತ್ತರು. ಗುಂಡಿ ತೋಡಿದವರೂ ಅವರೇ.

ಹನ್ನೊಂದನೆಯ ದಿನ ಅಪ್ಪ ಬಂದ. ಅವನ ಜೊತೆಯಲ್ಲಿ ಗುಡ್ಡ ಹತ್ತಿ ಬಂದವನು ಗಂಗಬೈಲಯ್ಯ. ಇಬ್ಬರೂ ದಾರಿಯಲ್ಲೇ ಮಾತು ಮುಗಿಸಿಕೊಂಡಿದ್ದರು.

"ಒಂಟಿ ಹೆಂಗಸು, ಹಿಂಗೆ ಬಂಡೆ ಕೆಳಗೆ ಇದ್ರೆ ಜನ ನಮಗೆ ಉಗೀತಾರೆ" ಎಂದ ಅಪ್ಪ. "ಇವರು ತಗಂತಾರಂತೆ. ನೀನು ಗುಬ್ಬಿಗೆ ಬಾ."

"ಯಾವ ಕೋಣೆಗೆ ಭಾವ? ಕಡ್ಲೆಕಾಯಿ ಮೂಟೆ ಕೋಣೆಗಾ?"

ಗಂಗಬೈಲಯ್ಯ ಒಂದು ಹೆಜ್ಜೆ ಮುಂದಿಟ್ಟು, "ಹಳೇದೆಲ್ಲ ಬುಡಮ್ಮ" ಎಂದ.

"ನೀನು ಹೊಸಿಲು ದಾಟಿದ್ರೆ ಕಾಲು ಮುರೀತೀನಿ. ಭಾವ, ನೀನೂ ಇಳೀ."

ಅಪ್ಪ ಸಾಯುವವರೆಗೂ ಅವಳ ಜೊತೆ ಮಾತಾಡಲಿಲ್ಲ, ನಮಗೂ ಹೋಗಬೇಡಿ ಎಂದ. ನಾನು ಮಾತ್ರ ವರ್ಷಕ್ಕೊಮ್ಮೆ ಕದ್ದು ಹೋಗುತ್ತಿದ್ದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಣ್ಣಗಿರುತ್ತಿತ್ತು. ನಾನು ಅದನ್ನು ಹೇಳಿದರೆ ಚಿಕ್ಕಮ್ಮ, "ತಣ್ಣಗೇನೋ ಐತೆ" ಎಂದು ಗಂಡನನ್ನು ಬೈಯಲು ಶುರುಮಾಡುತ್ತಿದ್ದಳು.